ಎಲೆ ಹಂಚುವ ಮೊದಲು

ಪುಸ್ತಕವೊಂದು ಹೊರಬಂದರೆ ಅದಕ್ಕೆ ವಿಮರ್ಶೆ ಬರುತ್ತದೆ. ನಾಟಕವಾದರೆ ಯಾರ ಅಭಿನಯ ಹೇಗಿತ್ತು, ಬೆಳಕು ಎಲ್ಲಿ ಕೈಕೊಟ್ಟಿತು ಎಂದು ಯಾರಾದರೂ ಬರೆಯುತ್ತಾರೆ. ನಮ್ಮ ಕಡೆ ತಾಳಮದ್ದಲೆ ಮುಗಿದರಂತೂ ಕೃಷ್ಣನ ಅರ್ಥ ಸಪ್ಪೆಯಾಯಿತು, ಕರ್ಣ ಅತಿಯಾಗಿ ಮಾತಾಡಿದ ಎಂದು ಮರುದಿನದ ಕಾಫಿಯವರೆಗೂ ವಿಮರ್ಶೆ ನಡೆಯುತ್ತಲೇ ಇರುತ್ತದೆ. ಮದುವೆಯೂಟಕ್ಕೂ ವಿಮರ್ಶೆಯುಂಟು, ಸಾರಿಗೆ ಉಪ್ಪು ಕಮ್ಮಿ, ಹೋಳಿಗೆ ಗಟ್ಟಿ. ಆದರೆ ಊರೂರುಗಳಲ್ಲಿ ನಡೆಯುವ ಪಂದ್ಯಾವಳಿಗಳನ್ನು ಯಾರೂ ವಿಮರ್ಶೆ ಮಾಡಿದ್ದನ್ನು ನಾನು ಕಂಡಿಲ್ಲ. ಗೆದ್ದವರ ಫೋಟೋ ಬರುತ್ತದೆ, ಅಷ್ಟೇ. ಸೋತವರು ಏನಾದರೂ ಹೇಳಿದರೆ "ಸೋತವರು ಇನ್ನೇನು ಹೇಳ್ತಾರೆ?" ಎಂದು ಮುಗಿಸಿಬಿಡುತ್ತಾರೆ. ಹಾಗಾಗಿ ಆ ಕೆಲಸವನ್ನು ಇವತ್ತು ನಾನೇ ಕೈಗೆತ್ತಿಕೊಂಡಿದ್ದೇನೆ. ನಾನು ಪೂರ್ತಿ ಸೋತವಳೂ ಅಲ್ಲ, ಗೆದ್ದವಳೂ ಅಲ್ಲ. ನಡುವೆ ಎದ್ದು ಬಂದವಳು.

ಪಂದ್ಯ ಯಾವುದು ಎಂದು ಹೇಳಿದರೆ ಕೆಲವರು ಹುಬ್ಬೇರಿಸುತ್ತೀರೇನೋ. ಅದು ರಂಗೋಲಿಯಲ್ಲ, ಭಾವಗೀತೆಯಲ್ಲ, ಥ್ರೋಬಾಲೂ ಅಲ್ಲ. ಇಸ್ಪೀಟು. ಅದರಲ್ಲೂ 'ಇಪ್ಪತ್ತೆಂಟು'.

ನನಗೆ ಈ ಆಟ ಕಲಿಸಿದವರು ಅಜ್ಜಯ್ಯ. ಕಮ್ಮರಡಿಯ ಮಳೆಗಾಲವನ್ನು ನೋಡದವರಿಗೆ ಅಜ್ಜಯ್ಯ ಮೊಮ್ಮಗಳಿಗೆ ಇಸ್ಪೀಟು ಯಾಕೆ ಕಲಿಸಿದರು ಎಂಬುದು ಅರ್ಥವಾಗಲಿಕ್ಕಿಲ್ಲ. ಜೂನಿನಲ್ಲಿ ಹಿಡಿದ ಮಳೆ ಸೆಪ್ಟೆಂಬರಾದರೂ ಬಿಡುವುದಿಲ್ಲ. ತೋಟಕ್ಕೆ ಕೊಳೆ ಔಷಧಿ ಹೊಡೆಯಲೂ ಬಿಡುವು ಕೊಡದ ಮಳೆ. ಬಟ್ಟೆ ಒಣಗುವುದಿಲ್ಲ, ಹೊತ್ತು ಹೋಗುವುದಿಲ್ಲ. ಬಚ್ಚಲೊಲೆಯ ಕೆಂಡದಲ್ಲಿ ಹಲಸಿನ ಹಪ್ಪಳ ಸುಟ್ಟುಕೊಂಡು ಜಗಲಿಯಲ್ಲಿ ಕಂಬಳಿ ಹಾಸಿ ಕೂತರೆ ನಾಲ್ಕನೆಯ ಕೈ ಒಂದು ಕಮ್ಮಿ ಬೀಳುತ್ತಿತ್ತು. ಆ ನಾಲ್ಕನೆಯ ಕೈ ನಾನು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಒಂದೊಂದು ಬಣ್ಣದಿಂದ ಎಂಟೆಂಟು ಎಲೆಗಳಂತೆ ಒಟ್ಟು 32 ಎಲೆ. ಎದುರುಬದುರು ಕೂತ ಇಬ್ಬರದು ಒಂದು ತಂಡ. ಇಲ್ಲಿ ರಾಜನಿಗೂ ರಾಣಿಗೂ ಕಿಮ್ಮತ್ತಿಲ್ಲ, ಗುಲಾಮನೇ ದೊಡ್ಡವನು. ಅವನಿಗೆ ಮೂರು, ಒಂಬತ್ತಕ್ಕೆ ಎರಡು, ಎಕ್ಕಕ್ಕೆ ಒಂದು, ಹತ್ತಕ್ಕೆ ಒಂದು. ಬಣ್ಣಕ್ಕೆ ಏಳರಂತೆ ನಾಲ್ಕು ಬಣ್ಣಕ್ಕೆ ಇಪ್ಪತ್ತೆಂಟು. ಮೊದಲು ನಾಲ್ಕು ಎಲೆ ಹಂಚಿ, ನಾನು ಇಷ್ಟು ಮಾಡುತ್ತೇನೆ ಎಂದು ಒಬ್ಬರು ಹೇಳಿ, ತುರುಪಿನ ಎಲೆಯನ್ನು ಮುಚ್ಚಿಟ್ಟು, ಮತ್ತೆ ನಾಲ್ಕು ಎಲೆ ಹಂಚಿ ಆಡುವುದು. ಮುಚ್ಚಿಟ್ಟ ತುರುಪು ಯಾವುದೆಂದು ಊಹಿಸುವುದರಲ್ಲೇ ಆಟದ ರುಚಿಯೆಲ್ಲ ಇದೆ.

ಒಂದು ಮಾತು ಮಾತ್ರ ಮನೆಯಿಂದ ಮನೆಗೆ ಬೇರೆಯಾಗುತ್ತದೆ. ತುರುಪಿನ ರಾಜ, ರಾಣಿ ಎರಡೂ ಒಬ್ಬರ ಕೈಯಲ್ಲಿದ್ದರೆ ಅದು ಜೋಡಿ. ಆಟ ಹೇಳಿದವರ ಕಡೆ ಜೋಡಿ ಬಿದ್ದರೆ ಅವರು ಮಾಡಬೇಕಾದ ಲೆಕ್ಕದಲ್ಲಿ ನಾಲ್ಕು ಇಳಿಯುತ್ತದೆ, ಎದುರಿನವರ ಕಡೆ ಬಿದ್ದರೆ ನಾಲ್ಕು ಏರುತ್ತದೆ. ಕೆಲವು ಮನೆಗಳಲ್ಲಿ ಜೋಡಿಯ ಲೆಕ್ಕವೇ ಇಲ್ಲ. ಅಜ್ಜಯ್ಯ ದಿನಾ ಅದೇ ನಾಲ್ವರು ಕೂತಿದ್ದರೂ ಎಲೆ ಕಲಸುವಾಗ ಕೇಳುತ್ತಿದ್ದರು: "ಜೋಡಿ ಉಂಟಾ, ಇಲ್ವಾ?" ನಾವು "ಉಂಟು" ಎಂದ ಮೇಲೇ ಹಂಚುತ್ತಿದ್ದರು. "ನಿನ್ನೆ ಹೇಳಿದ್ದಲ್ವಾ ಅಜ್ಜಯ್ಯ?" ಎಂದು ನಾನು ನಗುತ್ತಿದ್ದೆ. ಅವರು ನಗುತ್ತಿರಲಿಲ್ಲ.

ಮದುವೆಯಾದ ಮೇಲೂ ಆಟ ನಿಲ್ಲಲಿಲ್ಲ. ನನ್ನ ಯಜಮಾನರ ಅಕ್ಕ, ಅಂದರೆ ನನ್ನ ಅತ್ತಿಗೆ, ಶೃಂಗೇರಿ ಕಡೆಯವರಿಗೆ ಕೊಟ್ಟವರು. ಇಪ್ಪತ್ತೆಂಟರಲ್ಲಿ ನನಗಿಂತ ಗಟ್ಟಿ. 2018ರ ಬೇಸಿಗೆಯಲ್ಲಿ ಜಿಲ್ಲೆಯ ಒಂದು ಪೇಟೆಯಲ್ಲಿ ಪಂದ್ಯಾವಳಿ ಎಂದು ಕರಪತ್ರ ಬಂತು. 'ಮಹಿಳೆಯರಿಗೂ ಮುಕ್ತ ಅವಕಾಶ' ಎಂಬ ಸಾಲನ್ನು ಅತ್ತಿಗೆ ಎರಡು ಸಲ ಓದಿದರು. "ಅವಕಾಶ ಮುಕ್ತವಾಗಿ ಉಂಟಂತೆ ಮಾರಾಯ್ತಿ, ಹೋಗುವನ" ಎಂದರು. ಬೆಳಗಿನ ಬಸ್ಸಿಗೆ ಸರಿಹೋಗಲೆಂದು ಹಿಂದಿನ ದಿನವೇ ನಮ್ಮನೆಗೆ ಬಂದು ಉಳಿದರು. ತಂಡಕ್ಕೆ 300 ರೂಪಾಯಿ ಪ್ರವೇಶ ಶುಲ್ಕ. ಮೇಜಿನ ಮೇಲೆ ಹಣವಿಟ್ಟು ಆಡುವ ಜೂಜಲ್ಲ, ಗೆದ್ದವರಿಗೆ ನಗದು ಮತ್ತು ಫಲಕ.

ಇಲ್ಲಿಂದ ಮುಂದೆ ವಿಮರ್ಶೆ.

ಕರಪತ್ರದಲ್ಲಿ ಹತ್ತು ಗಂಟೆಗೆ ಸರಿಯಾಗಿ ಎಂದಿತ್ತು. ನಾವು ಒಂಬತ್ತೂವರೆಗೇ ತಲುಪಿದೆವು. ಮೇಜುಗಳಿನ್ನೂ ಶಾಮಿಯಾನದವರ ಲಾರಿಯಲ್ಲಿದ್ದವು. ಹನ್ನೊಂದಕ್ಕೆ ಮೈಕಿನವನು ಬಂದ. ಉದ್ಘಾಟಕರು ಬಂದಾಗ ಹನ್ನೆರಡಾಗಿತ್ತು. ದೀಪ, ಪ್ರಾರ್ಥನೆ, ಸ್ವಾಗತ, ಶಾಲು, ಹಣ್ಣಿನ ಬುಟ್ಟಿ. ನಂತರ ಇಸ್ಪೀಟಿನಿಂದ ಏಕಾಗ್ರತೆ ಹೇಗೆ ಬೆಳೆಯುತ್ತದೆ ಎಂಬ ಬಗ್ಗೆ ಅರ್ಧ ಗಂಟೆಯ ಭಾಷಣ. ನಮ್ಮ ಏಕಾಗ್ರತೆ ಅಷ್ಟು ಹೊತ್ತಿಗೆ ಅಡಿಗೆಮನೆಯಿಂದ ಬರುತ್ತಿದ್ದ ಸಾಂಬಾರಿನ ಪರಿಮಳದ ಕಡೆಗಿತ್ತು. ಮೊದಲ ಎಲೆ ಬಿದ್ದದ್ದು ಮುಕ್ಕಾಲಕ್ಕೆ, ಹನ್ನೆರಡೂ ಮುಕ್ಕಾಲಕ್ಕೆ.

ಬಂದ ತಂಡಗಳು 24. ಹದಿನಾರು ತಂಡ ಮೊದಲ ಸುತ್ತು ಆಡುವುದು, ಎಂಟು ತಂಡಕ್ಕೆ ಆಡದೆಯೇ ಎರಡನೆಯ ಸುತ್ತು. ಇದನ್ನು ಬೈ ಎನ್ನುತ್ತಾರೆ. ಚೀಟಿ ಎತ್ತಿದ್ದು ಯಾವಾಗ ಎಂದು ಕೇಳಿದರೆ "ಅದೆಲ್ಲ ನಿನ್ನೆ ರಾತ್ರಿಯೇ ಆಗಿದೆ" ಎಂಬ ಉತ್ತರ ಬಂತು. ಬೈ ಸಿಕ್ಕ ಎಂಟು ತಂಡಗಳಲ್ಲಿ ಐದರ ಹೆಸರು ಕರಪತ್ರದ ಹಿಂಭಾಗದಲ್ಲೂ ಇದ್ದವು, ಸಮಿತಿ ಸದಸ್ಯರು ಎಂಬ ತಲೆಬರಹದ ಕೆಳಗೆ. ಚೀಟಿಗೂ ಹೆಸರು ಓದಲು ಬರುತ್ತದೆಂದು ನನಗೆ ಅವತ್ತೇ ತಿಳಿದದ್ದು.

ಪ್ರತಿ ಪಂದ್ಯಕ್ಕೆ ಹದಿನೈದು ಸಲ ಎಲೆ ಹಂಚುವುದು, ಹೆಚ್ಚು ಸಲ ಗೆದ್ದವರು ಮುಂದಕ್ಕೆ ಎಂದು ಮೈಕಿನಲ್ಲಿ ಹೇಳಿದರು. ಜೋಡಿ ಉಂಟೋ ಇಲ್ಲವೋ ಎಂದು ಹೇಳಲಿಲ್ಲ. ನಾನೂ ಕೇಳಲಿಲ್ಲ. ಇಡೀ ಭವನದಲ್ಲಿ ಹೆಂಗಸರೆಂದರೆ ನಾವಿಬ್ಬರೇ. ಮೊದಲ ಮಾತೇ ಪ್ರಶ್ನೆಯಾಗುವುದು ಬೇಡ ಎಂದು ಸುಮ್ಮನಾದೆ. ಅಜ್ಜಯ್ಯ ಇದ್ದಿದ್ದರೆ ಎಲೆಯನ್ನೇ ಮುಟ್ಟುತ್ತಿರಲಿಲ್ಲ.

ನಾಲ್ಕನೆಯ ಸಲವೇ ಅದು ಬಂತು. ಎದುರಿನವರು ಇಪ್ಪತ್ತು ಹೇಳಿದ್ದರು. ತುರುಪು ತೆಗೆದಾಗ ಆಟೀನು. ಅತ್ತಿಗೆ ಮುಂದಿನ ಎಲೆ ಹಿಡಿದು, ಆಟೀನಿನ ರಾಜನನ್ನೂ ರಾಣಿಯನ್ನೂ ಮೆಲ್ಲಗೆ ಮೇಜಿಗಿಟ್ಟು "ಜೋಡಿ" ಎಂದರು. ಲೆಕ್ಕ ಇಪ್ಪತ್ತನಾಲ್ಕಕ್ಕೆ ಏರಬೇಕು. ಅವರು ಕೊನೆಗೆ ಮಾಡಿದ್ದು ಇಪ್ಪತ್ತೆರಡು. ಜೋಡಿಯಿದ್ದರೆ ನಾವು ಗೆದ್ದೆವು, ಇಲ್ಲದಿದ್ದರೆ ಅವರು. "ಇಲ್ಲಿ ಜೋಡಿ ಇಲ್ಲ" ಎಂದರು ಅವರು. ತೀರ್ಪುಗಾರರನ್ನು ಹುಡುಕಿದರೆ ಅವರು ಊಟದ ಉಸ್ತುವಾರಿಗೆ ಹೋಗಿದ್ದರು. ಪಕ್ಕದ ಮೇಜಿನಲ್ಲಿ ಆಡುತ್ತಿದ್ದವರೊಬ್ಬರು ತಲೆಯೆತ್ತಿ "ನಮ್ಮಲ್ಲಿ ಜೋಡಿ ಲೆಕ್ಕ ಇಲ್ಲಮ್ಮ" ಎಂದು ತೀರ್ಪು ಕೊಟ್ಟರು. ಅದೇ ಮೇಜಿನಲ್ಲಿ ಸ್ವಲ್ಪ ಹೊತ್ತಿನ ಹಿಂದೆ ಜೋಡಿ ಎಣಿಸಿದ್ದನ್ನು ನಾನೇ ನೋಡಿದ್ದೆ. ಅದನ್ನು ಹೇಳಿದ್ದಕ್ಕೆ ಅವರು ನಕ್ಕು, "ಆಟ ತಾನೇ, ಸ್ವಲ್ಪ ಹೆಚ್ಚುಕಮ್ಮಿ ಆಗ್ತದೆ, ಮನಸ್ಸಿಗೆ ಹಚ್ಚಿಕೊಳ್ಬೇಡಿ" ಎಂದರು.

ಹೆಚ್ಚುಕಮ್ಮಿ ಎಂಬ ಪದ ನೋಡಿ. ಯಾವಾಗಲೂ ಹೆಚ್ಚು ಒಬ್ಬರಿಗೆ, ಕಮ್ಮಿ ಇನ್ನೊಬ್ಬರಿಗೆ.

ಆದರೂ ಆ ಪಂದ್ಯ ನಾವೇ ಗೆದ್ದೆವು. ಊಟ ಮುಗಿಸಿ ಬರುವಷ್ಟರಲ್ಲಿ ಹೊಸ ಘೋಷಣೆ: ತಡವಾಗಿರುವ ಕಾರಣ ಇನ್ನು ಹದಿನೈದು ಸಲವಲ್ಲ, ಐದೇ ಸಲ ಹಂಚುವುದು. ನಮಗೆ ಎದುರಾದವರು ನರಸಿಂಹರಾಜಪುರ ಕಡೆಯ ಇಬ್ಬರು ಹಿರಿಯರು. ಅವರ ಆಟ ನೋಡಿದರೆ ಸಾಕು, ಮೂವತ್ತು ನಲವತ್ತು ವರ್ಷ ಕೂತವರೆಂದು ತಿಳಿಯುತ್ತಿತ್ತು. ಬಿದ್ದ ಎಲೆಯೆಲ್ಲ ಅವರ ಬಾಯಲ್ಲಿ. ಹದಿನೈದು ಸಲವಾಗಿದ್ದರೆ ನಾವು ಅವರೆದುರು ನಿಲ್ಲುತ್ತಿರಲಿಲ್ಲ. ಆದರೆ ಐದರಲ್ಲಿ ಮೂರು ಸಲ ಅತ್ತಿಗೆಯ ಕೈಗೆ ಗುಲಾಮರು ಸಾಲಾಗಿ ಬಂದು ಕೂತರು. ನಾವು ಗೆದ್ದೆವು. ಹಿರಿಯರು ಎಲೆಗಳನ್ನು ಜೋಡಿಸಿ ಕೊಟ್ಟು, "ಚೆನ್ನಾಗಿ ಆಡಿದಿರಿ" ಎಂದು ನಮಸ್ಕಾರ ಮಾಡಿ ಎದ್ದರು. ನಾವು ಚೆನ್ನಾಗಿ ಆಡಿರಲಿಲ್ಲ, ಅದು ಅವರಿಗೂ ಗೊತ್ತಿತ್ತು. ಜೋಡಿಯ ವಿಷಯಕ್ಕೆ ಅಷ್ಟು ವಾದ ಮಾಡಿದವಳು ನಾನು, ಆಗ ಮಾತ್ರ ಬಾಯಿ ಬಿಡಲಿಲ್ಲ. ಅವ್ಯವಸ್ಥೆ ನಮಗೆ ಲಾಭವಾದಾಗ ಅದರ ಹೆಸರು ಅದೃಷ್ಟ.

ಈ ವಿಮರ್ಶೆಯ ತಿರುಳು ನನಗೆ ಹೊಳೆದದ್ದು ಆಗಲ್ಲ, ಎಷ್ಟೋ ದಿನದ ಮೇಲೆ, ಬೆಂಗಳೂರಿನಲ್ಲಿರುವ ತಂಗಿಯ ಮಗ ಊರಿಗೆ ಬಂದಾಗ. ಅವನು ಪೋಕರ್ ಎಂಬ ಇಸ್ಪೀಟಾಟದ ಪಂದ್ಯಗಳಿಗೆ ಹೋಗುತ್ತಿದ್ದವನು. ತಂಗಿಗೆ ಅದು ಗೊತ್ತಾದಾಗ ಮನೆಯಲ್ಲಿ ದೊಡ್ಡ ಗಲಾಟೆಯಾಗಿ, ಬುದ್ಧಿ ಹೇಳಲಿ ಎಂದು ನನ್ನ ಹತ್ತಿರ ಕಳಿಸಿದ್ದಳು. ಬುದ್ಧಿ ಹೇಳಲು ಕೂತ ನಾನು ಅವನ ಮಾತು ಕೇಳುತ್ತಾ ಕೂತೆ.

"ದೊಡ್ಡಮ್ಮ, ಎಲ್ಲರೂ ಒಂದೇ ಶುಲ್ಕ ಕಟ್ಟಬೇಕು, ಎಲ್ಲರಿಗೂ ಒಂದೇ ಅಷ್ಟು ಬಿಲ್ಲೆ ಕೊಡ್ತಾರೆ. ಪ್ರತಿ ಸಲವೂ ಸರದಿಯ ಮೇಲೆ ಇಬ್ಬರು ಕಡ್ಡಾಯವಾಗಿ ಇಷ್ಟು ಬಿಲ್ಲೆ ಇಡಲೇಬೇಕು. ಆ ಕಡ್ಡಾಯದ ಮೊತ್ತ ಇಂತಿಷ್ಟು ನಿಮಿಷಕ್ಕೊಮ್ಮೆ ಏರ್ತಾ ಹೋಗ್ತದೆ. ಬಿಲ್ಲೆ ಮುಗಿದವರು ಹೊರಗೆ." ಹೊತ್ತು ನಿಧಾನವಾಗಿ ಏರಿದರೆ ಜಾಣರಿಗೆ ಕಾಯಲು ಸಮಯ ಸಿಗುತ್ತದಂತೆ. ಆದರೆ ಕೆಟ್ಟದಾಗಿ ನಡೆಸುವ ಕಡೆ, ತಡವಾಯಿತೆಂದು ನಡುವೆಯೇ ಆ ನಿಮಿಷಗಳನ್ನು ಕಡಿಮೆ ಮಾಡುತ್ತಾರೆ. ಆಮೇಲೆ ಕಾಯುವವರು ಕೆಟ್ಟರು, ಕಣ್ಣುಮುಚ್ಚಿ ಎಲ್ಲವನ್ನೂ ಮುಂದೆ ತಳ್ಳಿದವರು ಗೆದ್ದರು. ಶುಲ್ಕದಲ್ಲಿ ಬಹುಮಾನಕ್ಕೆಷ್ಟು, ನಡೆಸುವವರಿಗೆಷ್ಟು ಎಂದು ಮೊದಲೇ ಹೇಳುವುದಿಲ್ಲ. ಅಡಿಕೆ ಮಂಡಿಯಲ್ಲಿ ಕಮಿಷನ್ ಎಷ್ಟೆಂದು ಹೇಳದೆ ಪಟ್ಟಿ ಕೊಟ್ಟರೆ ನಮ್ಮವರು ಸುಮ್ಮನಿರುತ್ತಾರೆಯೇ? ಒಂದು ಮೇಜಿನಲ್ಲಿ ಒಂದು ತೀರ್ಪು, ಪಕ್ಕದ ಮೇಜಿನಲ್ಲಿ ಇನ್ನೊಂದು. ಕೇಳಿದರೆ "ಇಷ್ಟವಿಲ್ಲದಿದ್ದರೆ ಬರಬೇಡಿ."

ನನಗೆ ಆ ಪೇಟೆಯ ಸಭಾಭವನವೇ ಕಣ್ಣಮುಂದೆ ಬಂತು. ಬೆಂಗಳೂರಿನ ಹವಾನಿಯಂತ್ರಿತ ಕೋಣೆಗೂ ನಮ್ಮ ಶಾಮಿಯಾನಕ್ಕೂ ಇರುವ ವ್ಯತ್ಯಾಸ ತಣ್ಣನೆಯ ಗಾಳಿ ಮಾತ್ರ.

ಇಸ್ಪೀಟು ಜೂಜೋ ಅಲ್ಲವೋ ಎಂದು ನ್ಯಾಯಾಲಯಗಳು ಬಹಳ ವರ್ಷಗಳಿಂದ ಕೇಳುತ್ತಾ ಬಂದಿವೆ. ರಮ್ಮಿಯಲ್ಲಿ ಜಾಣ್ಮೆಯೇ ಮುಖ್ಯ ಎಂದು ಸುಪ್ರೀಂ ಕೋರ್ಟು ಹೇಳಿದ್ದು 1967ರಲ್ಲಿ. ಪೋಕರ್ ಜಾಣ್ಮೆಯ ಆಟವಾಗಿರುವಾಗ ಅದಕ್ಕೆ ಪರವಾನಗಿ ಬೇಕಿಲ್ಲ ಎಂಬ ಆದೇಶ ನಮ್ಮ ಹೈಕೋರ್ಟಿನಿಂದ ಬಂದದ್ದು 2013ರಲ್ಲಿ. 2021ರಲ್ಲಿ ರಾಜ್ಯ ಸರ್ಕಾರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು, ಮರುವರ್ಷ ಹೈಕೋರ್ಟು ಆ ನಿಷೇಧವನ್ನು ರದ್ದು ಮಾಡಿತು. 2025ರ ಆಗಸ್ಟಿನಲ್ಲಿ ಸಂಸತ್ತೇ ಕಾನೂನು ಮಾಡಿ ಹಣದ ಆನ್‌ಲೈನ್ ಆಟಗಳನ್ನು ದೇಶದಾದ್ಯಂತ ನಿಷೇಧಿಸಿತು. ಸಾಲದಲ್ಲಿ ಮುಳುಗಿದ ಮನೆಗಳನ್ನು ಕಂಡ ನನಗೆ ಅದರ ಬಗ್ಗೆ ಬೇಸರವೇನಿಲ್ಲ.

ಆದರೆ ಈ ಎಲ್ಲ ತೀರ್ಪುಗಳ ಪ್ರಶ್ನೆ ಒಂದೇ: ಆಟದಲ್ಲಿ ಜಾಣ್ಮೆ ಹೆಚ್ಚೋ, ಅದೃಷ್ಟ ಹೆಚ್ಚೋ? ನಾನು ಮೇಜಿನಲ್ಲಿ ಕೂತು ಕಂಡುಕೊಂಡದ್ದು ಬೇರೆ. ಆ ಪಾಲು ಆಟದೊಳಗೆ ಮಾತ್ರ ಇಲ್ಲ, ನಡೆಸುವವರ ಕೈಯಲ್ಲೂ ಇದೆ. ಹದಿನೈದು ಸಲ ಹಂಚಿದರೆ ಇಪ್ಪತ್ತೆಂಟು ಜಾಣ್ಮೆಯ ಆಟ. ಒಳ್ಳೆಯ ಎಲೆ, ಕೆಟ್ಟ ಎಲೆ ಇಬ್ಬರಿಗೂ ಬಂದು ಹೋಗುತ್ತವೆ, ಕೊನೆಗೆ ಉಳಿಯುವುದು ತಲೆ. ಐದೇ ಸಲ ಹಂಚಿದರೆ ಅದೇ ಆಟ ಲಾಟರಿ. ಆಟ ಬದಲಾಗಲಿಲ್ಲ, ಎಲೆ ಬದಲಾಗಲಿಲ್ಲ. ಉದ್ಘಾಟಕರು ತಡವಾಗಿ ಬಂದರು, ಅಷ್ಟೇ. ನಾಲ್ಕು ಎಲೆ ಹಿಡಿದವರನ್ನೆಲ್ಲ ಜೂಜುಕೋರರೆನ್ನುತ್ತೇವೆ. ನಿಜವಾದ ಜೂಜನ್ನು ಅಲ್ಲಿಗೆ ತಂದವರು ಶಾಲು ಹೊದೆಸಿಕೊಂಡು ವೇದಿಕೆಯ ಮೇಲಿರುತ್ತಾರೆ.

ಬ್ರಿಜ್ ಆಡುವವರು ಇದಕ್ಕೆ ಒಂದು ಉಪಾಯ ಕಂಡುಕೊಂಡಿದ್ದಾರೆ. ಒಂದು ಮೇಜಿನಲ್ಲಿ ಹಂಚಿದ ಎಲೆಗಳನ್ನೇ ಹಾಗೇ ಮತ್ತೊಂದು ಮೇಜಿಗೂ ಕಳಿಸುತ್ತಾರೆ. ಒಂದೇ ಎಲೆಯಿಂದ ಯಾರು ಎಷ್ಟು ಮಾಡಿದರು ಎಂಬುದೇ ಲೆಕ್ಕ. ಎಲೆ ಕೆಟ್ಟಿತ್ತು ಎನ್ನಲು ಯಾರಿಗೂ ಆಗದು. ಪೋಕರಿನವರೂ ಎಡವಿ ಕಲಿತವರೇ. ಅಮೆರಿಕದ ಲಾಸ್ ವೇಗಸ್ಸಿನಲ್ಲಿ ಅವರ ಜಗತ್ಪ್ರಸಿದ್ಧ ಪಂದ್ಯ ಶುರುವಾದ 1970ರಲ್ಲಿ ಗೆದ್ದವರು ಯಾರೆಂದು ಆಟಗಾರರ ಮತದಿಂದ ತೀರ್ಮಾನಿಸಿದರಂತೆ! ಮರುವರ್ಷದಿಂದ ಕೊನೆಗೆ ಉಳಿದವರೇ ಗೆದ್ದವರು ಎಂದಾಯಿತು. 2001ರಲ್ಲಿ ಪಂದ್ಯ ನಡೆಸುವವರೇ ಸೇರಿ ಎಲ್ಲ ಊರಿಗೂ ಒಂದೇ ನಿಯಮವಿರಲಿ ಎಂದು ಸಂಘವೊಂದನ್ನು ಕಟ್ಟಿದರು. ಕಟ್ಟಿದ ನಾಲ್ವರಲ್ಲಿ ಇಬ್ಬರು ಹೆಂಗಸರು, ಲಿಂಡಾ ಜಾನ್ಸನ್ ಮತ್ತು ಜ್ಯಾನ್ ಫಿಶರ್. ಆ ನಿಯಮಗಳಲ್ಲಿ ಮೊದಲನೆಯದೇ ಇದು: ತೀರ್ಪು ಕೊಡುವಾಗ ಆಟದ ಹಿತ ಮತ್ತು ನ್ಯಾಯ ಮೊದಲು, ನಿಯಮದ ಅಕ್ಷರ ಆಮೇಲೆ. ಇದನ್ನು ಕೇಳಿದಾಗ ನನಗೆ ಖುಷಿಯಾಯಿತು. ಆ ನಿಯಮ ಮುಂದೆ ನನ್ನ ತಲೆಗೇ ಬಂದು ಬಡಿಯುತ್ತದೆ ಎಂದು ಆಗ ಗೊತ್ತಿರಲಿಲ್ಲ.

ಸಭಾಭವನಕ್ಕೆ ಮರಳುತ್ತೇನೆ. ಮೂರನೆಯ ಸುತ್ತನ್ನೂ ಐದರಲ್ಲೇ ಗೆದ್ದು ನಾವು ಸೆಮಿಫೈನಲ್ಲಿಗೆ ಬಂದಾಗ ಸಂಜೆ ಆರು ದಾಟಿತ್ತು. ನಮ್ಮ ಕಡೆಗೆ ಕೊನೆಯ ಬಸ್ಸು ಆರೂವರೆಗೆ. ಆಗ ಕೊಪ್ಪದ ಸಹಕಾರ ಸಾರಿಗೆ ಇನ್ನೂ ಓಡುತ್ತಿತ್ತು. 1991ರಲ್ಲಿ ಕಾರ್ಮಿಕರೇ ಸೇರಿ ಕಟ್ಟಿಕೊಂಡು, 2020ರವರೆಗೂ ಮಲೆನಾಡಿನ ಮೂಲೆಮೂಲೆಗೆ ಬಸ್ಸು ಓಡಿಸಿದವರು. ಮೈಕಿನಲ್ಲಿ ಮತ್ತೆ ಘೋಷಣೆ: "ಸೆಮಿಫೈನಲ್ ಆದ ಕಾರಣ ಹದಿನೈದು ಸಲ." ನಾನು ಎದ್ದು ಹೋಗಿ ಕೇಳಿದೆ. ನಮಗೆ ಬಸ್ಸಿಲ್ಲ, ಇದನ್ನೂ ಐದಕ್ಕೆ ಮುಗಿಸಬಹುದೇ, ಅಥವಾ ನಾಳೆ ಬೆಳಿಗ್ಗೆ ಆಡಬಹುದೇ? "ಸೆಮಿಫೈನಲ್ ಅಂದ ಮೇಲೆ ಅದಕ್ಕೊಂದು ಮರ್ಯಾದೆ ಬೇಡ್ವಾ? ನೀವು ಆಡಿ, ರಾತ್ರಿ ಜೀಪಿನಲ್ಲಿ ಬಿಟ್ಟುಕೊಡ್ತೇವೆ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಆದರೆ ಗುರುತಿಲ್ಲದವರ ಜೀಪಿನಲ್ಲಿ ಕಾಡುದಾರಿಯಲ್ಲಿ ರಾತ್ರಿ ಹನ್ನೊಂದಕ್ಕೆ ಮನೆ ಸೇರುವುದೆಂದರೇನೆಂದು ಈ ಪುಟ ಓದುವ ನಿಮಗೆ ನಾನು ಬಿಡಿಸಿ ಹೇಳಬೇಕಿಲ್ಲ. ನಾವು ಚೀಲ ಎತ್ತಿಕೊಂಡು ಬಸ್‌ಸ್ಟ್ಯಾಂಡಿಗೆ ಓಡಿದೆವು. ಬಸ್ಸು ಹತ್ತಿ ಕೂತ ಮೇಲೆ ಅತ್ತಿಗೆ ಸೆರಗಿನಿಂದ ಮುಖ ಒರೆಸಿಕೊಂಡರು. ಬೆವರೆಂದೇ ನಾನು ತಿಳಿದುಕೊಂಡೆ.

ನಮ್ಮ ಹೆಸರಿನ ಮುಂದೆ 'ಗೈರುಹಾಜರು' ಎಂದು ಬರೆದರಂತೆ. ಬೆಳಿಗ್ಗೆ ಒಂಬತ್ತೂವರೆಗೆ ಎಲ್ಲರಿಗಿಂತ ಮೊದಲು ಹಾಜರಾದವರು ನಾವು. ವಾರದ ಮೇಲೆ ಯಾರದೋ ಕೈಯಲ್ಲಿ ಒಂದು ಸ್ಟೀಲ್ ಡಬ್ಬಿ ಕಳಿಸಿಕೊಟ್ಟರು, ಮುಚ್ಚಳದ ಮೇಲೆ 'ಮಹಿಳೆಯರಿಗೆ ಪ್ರೋತ್ಸಾಹಕ ಬಹುಮಾನ' ಎಂದು ಕೊರೆಸಿ. ಹುಣಸೆಹಣ್ಣು ಹಾಕಲು ಸರಿಯಾಯಿತು.

ನಮ್ಮವರಿಗೆ ಜೂಜಿನ ಕಥೆ ಹೊಸದೇನಲ್ಲ. ಆ ರಾತ್ರಿ ನಿದ್ದೆ ಬರದೆ ನಾನು ಸಭಾಪರ್ವವನ್ನೇ ಯೋಚಿಸುತ್ತಾ ಮಲಗಿದ್ದೆ. ಅದನ್ನು ಧರ್ಮಾಧರ್ಮದ ಕಥೆಯೆಂದು ಎಷ್ಟೋ ಸಲ ಕೇಳಿದ್ದೇನೆ. ಕೆಟ್ಟದಾಗಿ ನಡೆಸಿದ ಪಂದ್ಯದ ಕಥೆಯೆಂದು ಒಮ್ಮೆ ನೋಡಿ. ಪಣ ದುರ್ಯೋಧನನದು, ದಾಳ ಹಾಕುವವನು ಶಕುನಿ. ಒಬ್ಬನ ಪರವಾಗಿ ಇನ್ನೊಬ್ಬ ಆಡುವುದು ಸರಿಯಲ್ಲ ಎಂದು ಧರ್ಮರಾಯನಿಗೆ ಗೊತ್ತಿತ್ತು, ಹೇಳಿಯೂ ಹೇಳಿದ. ಹೇಳಿ, ಆಟಕ್ಕೆ ಕೂತ. ನಾನೂ ಹಾಗೇ ಅಲ್ಲವೇ, ಅವನಷ್ಟೂ ಹೇಳದೆ? ಇನ್ನು ದ್ರೌಪದಿ. ನೀನು ಮೊದಲು ಸೋತದ್ದು ನಿನ್ನನ್ನೋ ನನ್ನನ್ನೋ ಎಂದು ಅವಳು ಕೇಳಿ ಕಳಿಸಿದ್ದು ಅಪ್ಪಟ ನಿಯಮದ ಪ್ರಶ್ನೆ. ತನ್ನನ್ನೇ ಸೋತವನಿಗೆ ಇನ್ನೊಬ್ಬರನ್ನು ಪಣವಿಡುವ ಹಕ್ಕು ಉಂಟೇ? ಸಭೆಯ ತುಂಬ ಹಿರಿಯರಿದ್ದರು, ಉತ್ತರ ಕೊಡುವ ತೀರ್ಪುಗಾರನಿರಲಿಲ್ಲ. ಭೀಷ್ಮರು ಧರ್ಮ ಸೂಕ್ಷ್ಮ ಎಂದರು. ವಿಕರ್ಣ ಬಾಯಿಬಿಟ್ಟರೆ ಅವನನ್ನು ಚಿಕ್ಕವನೆಂದು ಗದರಿಸಿದರು. ಕೊನೆಗೆ ಆದ ಆಟವನ್ನೇ ರದ್ದು ಮಾಡಿ, ಹೊರಟವರನ್ನು ದಾರಿಯಿಂದ ಹಿಂದಕ್ಕೆ ಕರೆಸಿ ಮತ್ತೆ ಆಡಿಸಿದರು. ಬೇಡವೆನ್ನಬಹುದಾದವನು ಮತ್ತೆ ಬಂದು ಕೂತ. ಆಟ ಆಡದ ಒಬ್ಬಳೇ ನಿಯಮ ಕೇಳಿದವಳು. ಅವಳು ಕೇಳುವಷ್ಟರಲ್ಲಿ ತಡವಾಗಿತ್ತು.

ಪ್ರಶ್ನೆಯನ್ನು ಎಲೆ ಹಂಚುವ ಮೊದಲೇ ಕೇಳಬೇಕು. ಉತ್ತರ ಬಾರದಿದ್ದರೆ ಕೂರಬಾರದು. ಅಜ್ಜಯ್ಯ ದಿನಾ ಹೇಳುತ್ತಿದ್ದದ್ದು ಇಷ್ಟೇ. ಮರುವರ್ಷ ಅದೇ ಪಂದ್ಯದ ಕರಪತ್ರ ಬಂದಾಗ ಐದು ಪ್ರಶ್ನೆ ಬರೆದು ಕಾಗದ ಹಾಕಿದೆ: ಜೋಡಿ ಉಂಟೋ ಇಲ್ಲವೋ, ಎಷ್ಟು ಸಲ ಹಂಚುತ್ತೀರಿ, ಚೀಟಿ ಯಾರ ಎದುರು ಎತ್ತುತ್ತೀರಿ, ತೀರ್ಪುಗಾರರು ಆಡುವವರೇ ಅಲ್ಲವೇ, ಎಷ್ಟು ಗಂಟೆಗೆ ಮುಗಿಸುತ್ತೀರಿ. ಉತ್ತರ ಬರಲಿಲ್ಲ. ಪೇಟೆಯಲ್ಲಿ ಸಿಕ್ಕ ಒಬ್ಬರು ಮಾತ್ರ "ಅಷ್ಟೆಲ್ಲ ಕಾನೂನು ಮಾತಾಡುವವರು ನೀವೇ ಒಂದು ಪಂದ್ಯ ನಡೆಸಿ ನೋಡಿ" ಎಂದರು.

ನಡೆಸಿದೆ. 2019ರ ಮಳೆಗಾಲದಲ್ಲಿ, ನಮ್ಮೂರಿನಲ್ಲೇ, ಹೆಂಗಸರಿಗಾಗಿ. ಹನ್ನೆರಡು ತಂಡ. ನಿಯಮಗಳನ್ನೆಲ್ಲ ಖಾಕಿ ಕಾಗದದ ಮೇಲೆ ದಪ್ಪಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದೆ. ಜೋಡಿ ಉಂಟು. ಹನ್ನೊಂದು ಸಲ ಹಂಚುವುದು, ಏನಾದರೂ ಬದಲಿಲ್ಲ. ಚೀಟಿ ಎಲ್ಲರೆದುರು ಒಂದು ಪುಟ್ಟ ಮಗುವಿನ ಕೈಯಲ್ಲಿ. ಹತ್ತು ಗಂಟೆಗೆ ಆರಂಭ, ಇಪ್ಪತ್ತು ನಿಮಿಷ ಕಾಯುವುದು, ಬಾರದವರು ಸೋತಂತೆ. ಆ ಕೊನೆಯ ಸಾಲು ಬರೆಯುವಾಗ ನನಗೆ ಬಹಳ ಸಮಾಧಾನವಾಗಿತ್ತು. ಭಾಷಣವಿಲ್ಲ, ಶಾಲಿಲ್ಲ. ಹತ್ತಕ್ಕೆ ಸರಿಯಾಗಿ ಎಲೆ ಹಂಚಿದೆವು.

ಬಾರದೆ ಉಳಿದದ್ದು ಒಂದೇ ತಂಡ. ಅತ್ತಿಗೆ ಮತ್ತು ಅವರ ಮಗಳು. ಹೊರಗೆ ಮಳೆ ಹುಯ್ಯುತ್ತಿತ್ತು. ಎದುರಿಗೆ ಆಡಬೇಕಾದ ಇಬ್ಬರು ಎಲೆ ಮುಂದಿಟ್ಟುಕೊಂಡು ನನ್ನ ಮುಖ ನೋಡುತ್ತಿದ್ದರು. ಇಪ್ಪತ್ತು ನಿಮಿಷವಾಯಿತು. ಇಪ್ಪತ್ತೈದಾಯಿತು. ನನ್ನ ಗಂಡನ ಮನೆಯವರೆಂದು ಕಾಯುತ್ತಿದ್ದಾಳೆ ಎಂದು ಯಾರೋ ಹಿಂದೆ ಪಿಸುಗುಟ್ಟಿದ್ದು ಕಿವಿಗೆ ಬಿತ್ತು. ಬೈ ಸಿಕ್ಕ ಆ ಸಮಿತಿಯವರ ಹೆಸರುಗಳು ನೆನಪಾದವು. ಎದುರಿನವರು ಗೆದ್ದರೆಂದು ಬರೆದುಬಿಟ್ಟೆ. ಹತ್ತು ಮೂವತ್ತೈದಕ್ಕೆ ಅತ್ತಿಗೆ ತೊಯ್ದ ಕೊಡೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ದಾರಿಯಲ್ಲಿ ಮರ ಬಿದ್ದು ಬಸ್ಸು ನಿಂತಿತ್ತಂತೆ.

ಅತ್ತಿಗೆ ಜಗಳವಾಡಲಿಲ್ಲ. ಗೋಡೆಯ ಕಾಗದವನ್ನು ಪೂರ್ತಿ ಓದಿದರು. ಉಳಿದವರ ಆಟ ನೋಡುತ್ತಾ ಕೂತರು, ಬಡಿಸಲು ನಿಂತರು, ಪಾತ್ರೆ ತೊಳೆಯಲು ಕೈಹಚ್ಚಿದರು. ಹೊರಡುವಾಗ ಮಾತ್ರ ಹೇಳಿದರು: "ಅವತ್ತು ಬಸ್ಸಿನ ದೆಸೆಯಿಂದ ನಾವಿಬ್ಬರೂ ಎದ್ದು ಬಂದೆವು. ಇವತ್ತು ಬಸ್ಸಿನ ದೆಸೆಯಿಂದ ನೀನೇ ನನ್ನನ್ನು ಎಬ್ಬಿಸಿದೆ." ಆಮೇಲೆ ಮೂರು ತಿಂಗಳು ಅವರ ಫೋನು ಬರಲಿಲ್ಲ. ದೀಪಾವಳಿಗೂ ಬರಲಿಲ್ಲ. ಇವರು ಮನೆಯಲ್ಲಿ ಏನೂ ಹೇಳದೆ ಪೇಪರ್ ಓದುತ್ತಿದ್ದರು. ಅದು ಬೈದದ್ದಕ್ಕಿಂತ ಹೆಚ್ಚಾಗಿತ್ತು.

ನಾನು ಮಾಡಿದ್ದು ತಪ್ಪೇ? ನಿಯಮ ಮೊದಲೇ ಹೇಳಿದ್ದೆ, ಎಲ್ಲರಿಗೂ ಒಂದೇ ಮಾಡಿದ್ದೆ. ಅತ್ತಿಗೆಯನ್ನು ಕಾದಿದ್ದರೆ ಆ ಪೇಟೆಯವರಿಗೂ ನನಗೂ ಏನು ವ್ಯತ್ಯಾಸ? ಆ ದಿನ ತೀರ್ಪು ಸರಿಯೇ ಎಂದು ಈಗಲೂ ಅನ್ನಿಸುತ್ತದೆ. ತಪ್ಪಾಗಿದ್ದದ್ದು ಅದಕ್ಕೆ ಮೊದಲೇ, ಖಾಕಿ ಕಾಗದ ಬರೆಯುವಾಗ. ನಾನು ನಿಯಮ ಬರೆದದ್ದು ನಮ್ಮ ಮನೆಯ ಗಡಿಯಾರ ನೋಡಿಕೊಂಡು. ಊರಲ್ಲೇ ಇದ್ದವರಿಗೆ ಇಪ್ಪತ್ತು ನಿಮಿಷ ಧಾರಾಳ. ಮಳೆಗಾಲದಲ್ಲಿ ಒಂದೇ ಬಸ್ಸು ನಂಬಿಕೊಂಡು ಬರುವವರಿಗೆ ಅದು ಏನೂ ಅಲ್ಲ. ಬಸ್ಸಿಲ್ಲದ ಸಂಕಟವನ್ನು ಸ್ವತಃ ಉಂಡವಳು ನಾನು. ಆದರೂ ಕುರ್ಚಿ ಈ ಕಡೆಗೆ ಬಂದಕೂಡಲೇ ಬಸ್ಸನ್ನು ಮರೆತೆ. ಎಲ್ಲರಿಗೂ ಒಂದೇ ನಿಯಮ ಎಂದರೆ ನ್ಯಾಯ ಅರ್ಧ ಆಯಿತು. ಎಲ್ಲರಿಗಿಂತ ಕಷ್ಟದಲ್ಲಿ ಬರುವವರು ಯಾರು ಎಂದು ಕೇಳಿಕೊಂಡು ಆ ನಿಯಮ ಬರೆದರೆ ಉಳಿದರ್ಧ.

ಆಮೇಲಿನ ವರ್ಷ ಕೊರೋನಾ ಬಂತು, ಯಾರ ಮನೆಗೂ ಯಾರೂ ಹೋಗಲಿಲ್ಲ. ಸಹಕಾರ ಸಾರಿಗೆಯೂ ನಿಂತುಹೋಯಿತು. ಮತ್ತೆ ಪಂದ್ಯ ನಡೆಸಿದಾಗ ಖಾಕಿ ಕಾಗದದಲ್ಲಿ ಎರಡು ಸಾಲು ಸೇರಿಸಿದೆ. ದೂರದಿಂದ ಬರುವವರ ಮೊದಲ ಆಟ ಹನ್ನೊಂದೂವರೆಗೆ. ಏನೇ ಆದರೂ ನಾಲ್ಕೂವರೆಗೆ ಮುಕ್ತಾಯ, ಅಷ್ಟರೊಳಗೆ ಮುಗಿಸಲಾಗುವಷ್ಟೇ ತಂಡ ಸೇರಿಸಿಕೊಳ್ಳುವುದು. ಆ ಕಾಗದವನ್ನು ಮೊದಲು ಅತ್ತಿಗೆಯ ಮನೆಗೆ ತೆಗೆದುಕೊಂಡು ಹೋಗಿ ತೋರಿಸಿದೆ. ಕನ್ನಡಕ ಹಾಕಿಕೊಂಡು ಓದಿ, "ನೆಲದ ಮೇಲೆ ಕೂರಿಸಬೇಡ, ನನಗೆ ಮಂಡಿನೋವು, ಅದನ್ನೂ ಬರೆ" ಎಂದರು. ಬರೆದೆ.

ಆ ಸಲ ಅತ್ತಿಗೆ ಎರಡನೆಯ ಸುತ್ತಿನಲ್ಲೇ ಸೋತರು. ಗಾಡಿ ಹತ್ತುವವರೆಗೂ ಬೈಯುತ್ತಲೇ ಇದ್ದರು: ಕ್ಲಾವರಿನ ಏಳು ಎಂಟು ಬಿಟ್ಟರೆ ಬೇರೆ ಎಲೆಯೇ ಕಂಡಿಲ್ಲವಂತೆ, ಮಗಳು ತುರುಪನ್ನು ಮೊದಲೇ ತೆಗೆಸಿ ಹಾಳು ಮಾಡಿದಳಂತೆ, ಎದುರಿನವರು ಕಣ್ಣುಮುಚ್ಚಿ ಇಪ್ಪತ್ತೊಂದು ಹೇಳಿ ಗೆದ್ದುಬಿಟ್ಟರಂತೆ. ನಾನು ಸುಮ್ಮನೆ ಕೇಳುತ್ತಾ ನಿಂತಿದ್ದೆ. ಎಲೆಯನ್ನು ಬೈದರು, ಮಗಳನ್ನು ಬೈದರು, ಎದುರಿನವರ ಧೈರ್ಯವನ್ನು ಬೈದರು. ನನ್ನನ್ನು ಬೈಯಲಿಲ್ಲ. ಪಂದ್ಯವೊಂದಕ್ಕೆ ಇದಕ್ಕಿಂತ ಒಳ್ಳೆಯ ವಿಮರ್ಶೆ ಸಿಗುವುದುಂಟೇ?